ಕಾಲುಚೀಲದ ದುಡ್ಡು

ಟೊರಿತಾಮ,
ಆಗಸ್ಟ್ 18, 2024, ಭಾನುವಾರ

ಪ್ರೀತಿಯ ಮಗ ಜೆನಿವಾಲ್ಡೊ,

ನಿನ್ನ ಕೆಮ್ಮು ಹೇಗಿದೆ? ಹೋದ ಪತ್ರದಲ್ಲಿ ‘ಸ್ವಲ್ಪ ಇದೆ’ ಎಂದು ಬರೆದಿದ್ದೆ. ನಿನ್ನ ಸ್ವಲ್ಪ ಎಷ್ಟೆಂದು ನನಗೆ ಗೊತ್ತು. ಸೀಬೆಮರದಿಂದ ಬಿದ್ದು ಮೊಣಕೈ ಮುರಿದುಕೊಂಡು ಬಂದಾಗಲೂ ಸ್ವಲ್ಪ ನೋವು ಎಂದವನು ನೀನು. ಜೈಲಿಗೆ ವಾರಕ್ಕೊಮ್ಮೆ ಡಾಕ್ಟರು ಬರುತ್ತಾರಂತಲ್ಲ, ಸಾಲಿನಲ್ಲಿ ನಿಲ್ಲಲು ಬೇಸರಪಡಬೇಡ. ಕಳೆದ ಸಲ ತಂದಿದ್ದ ಸೋಪು, ಬಿಸ್ಕತ್ತು, ಬಿಳಿ ಬನಿಯನ್ನು ನಿನ್ನ ಕೈ ಸೇರಿದವೇ? ಕಾಫಿಪುಡಿಯನ್ನು ಬಾಗಿಲಲ್ಲೇ ತೆಗೆದಿಟ್ಟುಕೊಂಡರು. ಒಳಗಿರುವುದು ಹೊರಗಿನಿಂದ ಕಾಣುವಂಥ ಡಬ್ಬಿಯಲ್ಲಿ ತರಬೇಕಿತ್ತಂತೆ. ಮುಂದಿನ ಸಲ ಹಾಗೇ ತರುತ್ತೇನೆ. ನನ್ನ ಮಂಡಿ ನೆಲದ ಮೇಲೆ ನಡೆಯುವಾಗ ಸುಮ್ಮನಿರುತ್ತದೆ, ವ್ಯಾನು ಹತ್ತುವಾಗ ಮಾತ್ರ ಹಠ ಮಾಡುತ್ತದೆ. ಅದಕ್ಕೇ ಈ ತಿಂಗಳು ನಿನ್ನನ್ನು ನೋಡಲು ಬರಲಾಗಲಿಲ್ಲ. ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ. ಕಪ್ಪು ಕೋಳಿ ಮತ್ತೆ ಕಾವಿಗೆ ಕೂತಿದೆ. ಹಿತ್ತಲಿನ ಗೋಡೆಯ ಬಿರುಕಿಗೆ ಪಕ್ಕದ ಮನೆಯವರ ಅಳಿಯ ಬಂದು ಸಿಮೆಂಟು ಮೆತ್ತಿಕೊಟ್ಟ. ದುಡ್ಡು ಬೇಡ ಎಂದ, ಒಂದು ತಟ್ಟೆ ಮೆಕ್ಕೆಜೋಳದ ಕುಸ್ಕುಸು ತಿಂದು ಹೋದ.

ಈಗ ಸುದ್ದಿ. ನೇಯ್ಡಿ ತನ್ನ ಮನೆಯ ಮುಂದಿನ ಕೋಣೆಗೆ ಇನ್ನೆರಡು ಹೊಲಿಗೆ ಯಂತ್ರ ತಂದಿದ್ದಾಳೆ. ಈಗ ಅಲ್ಲಿ ಮಂಚ ಹಾಕಲೂ ಜಾಗವಿಲ್ಲ. ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಹೊಲಿದು ಬಂದ ಜೀನ್ಸ್ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತೇನೆ. ಬೆರಳು ನೀಲಿಯಾಗಿದೆ, ತಲೆದಿಂಬೂ ನೀಲಿಯಾಗಿದೆ, ಅದು ಬಿಟ್ಟರೆ ಕಷ್ಟದ ಕೆಲಸವೇನಲ್ಲ. ನಿನ್ನ ಮಗಳು ಮಿರೆಲಿ ಕಳೆದ ವರ್ಷದಿಂದಲೇ ದಿನದ ಶಾಲೆ ಮುಗಿದ ಮೇಲೆ ಅಲ್ಲಿಗೆ ಬಂದು ಹಿಂಬದಿ ಜೇಬು ಹೊಲಿಯುತ್ತಿದ್ದಳು ಎಂದು ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು, ಈ ಫೆಬ್ರವರಿಯಲ್ಲಿ ಕಾರ್ನಿವಲ್ ಮುಗಿದ ಮೇಲೆ ಅವಳು ಶಾಲೆಗೆ ಹೋಗುವುದನ್ನೇ ನಿಲ್ಲಿಸಿದ್ದಳು. ಆಗ ನಿನಗೆ ಬರೆದ ಪತ್ರದಲ್ಲಿ ಮಿರೆಲಿ ಆರೋಗ್ಯವಾಗಿದ್ದಾಳೆ ಎಂದಷ್ಟೇ ಬರೆದೆ. ಆರೋಗ್ಯವಾಗಿಯೇ ಇದ್ದಳು. ನೀನು ಅಲ್ಲಿ ಕೂತು ಏನೂ ಮಾಡಲಾಗದ ವಿಷಯ, ಬರೆದು ನಿನ್ನ ನಿದ್ದೆಗೆಡಿಸುವುದೇಕೆ ಎನಿಸಿತು. ಈಗ ಬರೆಯುತ್ತಿರುವುದು ಅವಳು ಮತ್ತೆ ಹೋಗುತ್ತಿರುವುದರಿಂದ. ಗಾಬರಿಯಾಗದೆ ಪೂರ್ತಿ ಓದು.

ಅವಳು ಬಿಟ್ಟದ್ದು ಒಂದೇ ದಿನದಲ್ಲಲ್ಲ. ನೇಯ್ಡಿ ಶನಿವಾರ ಶನಿವಾರ ಜೇಬಿನ ಲೆಕ್ಕಕ್ಕೆ ಕೈಗೆ ನೋಟು ಕೊಡುತ್ತಾಳೆ. ನಿನ್ನ ಮಗಳ ಕೈ ಅವಳಮ್ಮ ಲುಜಿಯಾಳದೇ ಕೈ, ಯಂತ್ರಕ್ಕೆ ಬಟ್ಟೆ ಕೊಟ್ಟಳೆಂದರೆ ಎರಡನೆಯ ಸಲ ನೋಡುವುದಿಲ್ಲ. ಆ ದುಡ್ಡಿನಲ್ಲಿ ನನಗೆ ಒಂದು ಫ್ಯಾನು ತಂದಳು. ಗ್ಯಾಸು ಮುಗಿದಾಗ ಸಿಲಿಂಡರು ತರಿಸಿದಳು. ಆಮೇಲೆ ಬೆಳಿಗ್ಗೆಯೂ ಒಂದು ಗಂಟೆ ಹೊಲಿದು ಶಾಲೆಗೆ ಹೋಗುತ್ತೇನೆ ಎಂದಳು, ಆಮೇಲೆ ತಡವಾಯಿತೆಂದು ಹೋಗದೆ ಉಳಿದಳು, ಆಮೇಲೆ ಚೀಲವನ್ನು ಮೊಳೆಗೆ ನೇತುಹಾಕಿದವಳು ತೆಗೆಯಲೇ ಇಲ್ಲ. ನಾನು ಬೈದೆ. ಅವಳು ಎದುರು ಮಾತಾಡುವವಳಲ್ಲ, ನಿನಗೆ ಗೊತ್ತಲ್ಲ; ಬಾಯಲ್ಲಿದ್ದ ದಾರ ತೆಗೆದು ಮೆಲ್ಲಗೆ ಕೇಳಿದಳು: “ಅಜ್ಜಿ, ಹೈಸ್ಕೂಲ್ ಮುಗಿಸಿ ನಾನೇನ್ ಮಾಡ್ತೀನಿ ಹೇಳು. ಇಲ್ಲೇ ಬಂದು ಇದೇ ಜೇಬು ಹೊಲೀತೀನಿ. ಈಗ್ಲೇ ಹೊಲಿದ್ರೆ ಮೂರು ವರ್ಷ ಉಳೀತಲ್ಲ.” ಈ ಬೀದಿಯಲ್ಲಿ ಹೈಸ್ಕೂಲು ಮುಗಿಸಿದವರೂ ಬಿಟ್ಟವರೂ ಅಕ್ಕಪಕ್ಕದ ಯಂತ್ರದಲ್ಲೇ ಕೂತಿದ್ದಾರೆ. ಅವಳಿಗೆ ತೋರಿಸಲು ನನ್ನ ಬಳಿ ಬೇರೆ ಯಾರಿದ್ದರು?

ಏಪ್ರಿಲ್ ಮೊದಲ ವಾರ ಅದೆಮಾರ್ ಮೇಷ್ಟ್ರು ಬಂದರು. ಭೂಗೋಳ ಪಾಠ ಮಾಡುವವರು, ತೆಳ್ಳಗೆ, ಹಳೆಯ ಮೋಟಾರುಸೈಕಲ್ಲಿನ ಮೇಲೆ. ತರಗತಿಯಲ್ಲಿ ಯಾರ ಹೆಸರು ಕೂಗಿದರೆ ಉತ್ತರ ಬರುವುದಿಲ್ಲವೋ ಅವರ ಮನೆಗೆಲ್ಲ ಹೋಗುತ್ತಾರಂತೆ. ನಾನು ನೇಯ್ಡಿಯ ಬಾಗಿಲಲ್ಲೇ ಇದ್ದುದರಿಂದ ಅಲ್ಲೇ ಒಂದು ಕುರ್ಚಿ ಹಾಕಿ ಕಾಫಿ ಕೊಟ್ಟೆವು. ಸರ್ಕಾರ ಹೊಸದಾಗಿ ಒಂದು ಯೋಜನೆ ತಂದಿದೆ ಎಂದರು. ಬಡವರ ಮನೆಯ ಮಕ್ಕಳು ಹೈಸ್ಕೂಲಿನಲ್ಲಿ ಉಳಿದರೆ ತಿಂಗಳು ತಿಂಗಳು ಇನ್ನೂರು ರಿಯಲ್ ಅವರದೇ ಖಾತೆಗೆ ಬರುತ್ತದೆ, ಐದು ದಿನದಲ್ಲಿ ನಾಲ್ಕು ದಿನವಾದರೂ ಹಾಜರಿರಬೇಕು. ವರ್ಷ ಪಾಸಾದರೆ ಇನ್ನೊಂದು ಸಾವಿರ ಕೂಡಿಡುತ್ತಾರೆ, ಆದರೆ ಅದನ್ನು ಮೂರು ವರ್ಷ ಮುಗಿಸಿದ ಮೇಲೇ ಮುಟ್ಟಬೇಕು. ನಮ್ಮಜ್ಜಿಯರು ಹಾಸಿಗೆಯಡಿ ಕಾಲುಚೀಲದೊಳಗೆ ದುಡ್ಡು ಗಂಟು ಹಾಕಿ ಇಡುತ್ತಿದ್ದರಲ್ಲ, ಅದೇ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಬೀದಿಯಲ್ಲೆಲ್ಲ ಈಗ ಕಾಲುಚೀಲದ ದುಡ್ಡು ಎಂದೇ ಹೇಳುತ್ತಾರೆ.

ನೇಯ್ಡಿಗೆ ನಗು. ಅವಳ ನಾಲಿಗೆ ನಿನಗೆ ಗೊತ್ತು. “ಓದೋಕೂ ಕೂಲಿ ಕೊಡ್ತಾರಾ ಮೇಷ್ಟ್ರೇ? ಹಾಗಾದ್ರೆ ನಂಗೂ ಒಂದು ಬೆಂಚು ಹಿಡಿದಿಡಿ” ಎಂದಳು. ಅವರು ಕಾಫಿ ಲೋಟದಿಂದ ಮುಖ ಎತ್ತದೆ, “ರಾತ್ರಿ ತರಗತೀಲಿ ಜಾಗ ಇದೆ ನೇಯ್ಡಿಯವ್ರೇ, ಸೋಮವಾರ ಬನ್ನಿ” ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು, ಮಿರೆಲಿಯೊಬ್ಬಳು ನಗಲಿಲ್ಲ. ಅಷ್ಟು ಹೊತ್ತೂ ಅವಳು ಯಂತ್ರ ನಿಲ್ಲಿಸಿರಲಿಲ್ಲ, ಆದರೆ ನಿಧಾನ ಮಾಡಿದ್ದಳು. ಪೆಡಲಿನ ಮೇಲಿದ್ದ ಅವಳ ಕಾಲನ್ನೇ ನಾನು ನೋಡುತ್ತಿದ್ದೆ. ಜ್ವರ ಬಂದು ಶಾಲೆಗೆ ಹೋಗದಿದ್ದರೆ ಏನು ಮಾಡುತ್ತಾರೆ ಎಂದು ಕೇಳಿದಳು. ಆಸ್ಪತ್ರೆಯಿಂದ ಚೀಟಿ ತಂದರೆ ಸಾಕು ಎಂದರು. ಇಷ್ಟು ದಿನ ತಪ್ಪಿಸಿದ್ದಕ್ಕೆ ಏನು ಎಂದಳು. ಬರುವ ಸೋಮವಾರದಿಂದ ತಪ್ಪಿಸದಿದ್ದರೆ ದಾರಿ ಇದೆ ಎಂದರು. ಅವರು ಹೋದ ಮೇಲೆ ಎದುರುಮನೆಯ ಮುದುಕ ಬಂದು, ಮಕ್ಕಳಿಗೆ ಲಂಚ ಕೊಟ್ಟು ಅಕ್ಷರ ಕಲಿಸುವ ಕಾಲ ಬಂತು ಎಂದು ಬಹಳ ಹೊತ್ತು ಗೊಣಗಿದ. ನನಗೆ ಹಾಗೆ ಅನ್ನಿಸಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ನನ್ನನ್ನು ಕೂಲಿ ಕೊಟ್ಟು ಹತ್ತಿ ಬಿಡಿಸಲು ಕರೆದವರಿದ್ದರು. ಶಾಲೆಗೆ ಬಾ ಎಂದು ದುಡ್ಡು ಕೊಟ್ಟಾಗಲಿ ಕೊಡದೆಯಾಗಲಿ ಕರೆದವರು ಒಬ್ಬರೂ ಇರಲಿಲ್ಲ.

ಸೋಮವಾರ ಅವಳು ಮೊಳೆಯಿಂದ ಚೀಲ ತೆಗೆದಳು. ನಾನು ಕಾಣದವಳ ಹಾಗೆ ಕಾಫಿ ಸೋಸುತ್ತಿದ್ದೆ. ಮಾತೆತ್ತಿದರೆ ಮತ್ತೆ ನೇತುಹಾಕಿಬಿಟ್ಟಾಳು ಎಂಬ ಭಯ. ಬೆಳಿಗ್ಗೆ ಶಾಲೆ, ಮಧ್ಯಾಹ್ನ ಊಟ ಮಾಡಿ ನೇಯ್ಡಿಯ ಮನೆ, ಕತ್ತಲಾಗುವ ತನಕ ಹೊಲಿಗೆ. ನೇಯ್ಡಿ ಗೊಣಗಿದಳು, ಆದರೂ ಮಿರೆಲಿ ಕೂರುವ ಯಂತ್ರವನ್ನು ಬೇರೆ ಯಾರಿಗೂ ಪೂರ್ತಿಯಾಗಿ ಕೊಡಲಿಲ್ಲ, ಮಧ್ಯಾಹ್ನಕ್ಕೆ ಉಳಿಸಿದಳು. ಮಿರೆಲಿಯ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ಜ್ಞಾನತಾಯಿಯಾಗಿ ನಿಂತವಳು ನೇಯ್ಡಿಯೇ ಅಲ್ಲವೇ, ಅದನ್ನು ಅವಳು ಮರೆತಿಲ್ಲ. ಜೂನಿನಲ್ಲಿ ಮಾತ್ರ ಒಂದು ಜಟಾಪಟಿಯಾಯಿತು. ಸಂತ ಜುವಾವ್ ಹಬ್ಬಕ್ಕೆ ಮುಂಚೆ ದೊಡ್ಡ ಆರ್ಡರು ಬಂದಿತ್ತು, ಲಾರಿ ಬರುವ ದಿನ ನಿಗದಿಯಾಗಿತ್ತು, ಇಬ್ಬರು ಹೆಂಗಸರು ಕೈಕೊಟ್ಟಿದ್ದರು. ಎರಡು ವಾರ ಬೆಳಿಗ್ಗೆಯೂ ಬಾ, ಜೇಬಿಗೆ ಇಮ್ಮಡಿ ಕೊಡುತ್ತೇನೆ ಎಂದು ನೇಯ್ಡಿ ಕರೆದಳು. ಮಿರೆಲಿ ಒಂದು ರಾತ್ರಿ ಯೋಚಿಸಿ ಆಗುವುದಿಲ್ಲ ಎಂದಳು. ಪರೀಕ್ಷೆ ಇದೆ ಎಂದಳು. ನೇಯ್ಡಿ ನಮ್ಮಿಬ್ಬರೊಂದಿಗೂ ಮಾತು ಬಿಟ್ಟಳು. ನಾನು ಅವಳ ಬಾಗಿಲಲ್ಲೇ ಕೂತು ದಾರ ಕತ್ತರಿಸುತ್ತಿದ್ದೆ, ಅವಳು ಪ್ಯಾಂಟಿನ ರಾಶಿಯನ್ನು ನನ್ನ ಕಾಲ ಬಳಿ ಸುರಿದು ಗೋಡೆಗೆ ಹೇಳುವ ಹಾಗೆ ‘ಸಂಜೆಯೊಳಗೆ ಆಗಬೇಕು’ ಎನ್ನುತ್ತಿದ್ದಳು. ಹಬ್ಬದ ಹಿಂದಿನ ದಿನ ಮಾತ್ರ ಒಂದು ಪಾತ್ರೆ ತುಂಬ ಹಾಲು ಹಾಕಿದ ಮೆಕ್ಕೆಜೋಳದ ಸಿಹಿ ಕಳಿಸಿದಳು. ಮೇಲೆ ಚಕ್ಕೆ ಪುಡಿಯಲ್ಲಿ ಮಿರೆಲಿಯ ಹೆಸರಿನ ಮೊದಲ ಅಕ್ಷರ ಬರೆದಿದ್ದಳು, ನನ್ನದನ್ನು ಬರೆದಿರಲಿಲ್ಲ.

ಶಾಲೆಯಲ್ಲಿ ಏನು ಕಲಿಯುತ್ತಾಳೆ ಎಂದು ನೀನು ಕೇಳುತ್ತೀ. ಎಲ್ಲ ನನಗೆ ತಿಳಿಯುವುದಿಲ್ಲ. ಮೇಷ್ಟ್ರು ಮಕ್ಕಳಿಂದ ನಮ್ಮ ನದಿಯ ನಕ್ಷೆ ಬರೆಸಿದರಂತೆ. ಅವಳು ಹೊಲಿಯುತ್ತಲೇ ನನಗೆ ಹೇಳಿದಳು, ಮೇಲಿನ ಊರುಗಳಲ್ಲಿ ಮಳೆ ಬಂದಾಗ ಅದು ಕೆಮ್ಮಣ್ಣಿನ ನೀರಾಗಿ ಬರುತ್ತದೆ, ನೀಲಿಯಾಗುವುದು ಜೀನ್ಸ್ ತೊಳೆಯುವ ನಮ್ಮೂರು ದಾಟಿದ ಮೇಲೆ ಎಂದು. ನಾನು ಇಷ್ಟು ವರ್ಷ ಇಲ್ಲಿದ್ದೂ ನದಿ ಹುಟ್ಟುವ ಜಾಗ ಒಂದಿರುತ್ತದೆ ಎಂದು ಯೋಚಿಸಿದವಳಲ್ಲ. ಅವಳಿಗೆ ಅಲ್ಲಿಗೆ ಹೋಗಿ ನೋಡಬೇಕಂತೆ. ಮೂರನೆಯ ವರ್ಷ ಮುಗಿಸಿ ಸೇರಲು ನೀರಿನ ಪರೀಕ್ಷೆ ಮಾಡುವ ಯಾವುದೋ ಕೋರ್ಸು ಕರುವಾರು ಪಟ್ಟಣದಲ್ಲಿದೆಯಂತೆ. ಇದನ್ನೆಲ್ಲ ಅವಳು ಜೇಬಿಗೆ ಅಂಚು ಮಡಿಸುತ್ತ ಹೇಳುತ್ತಾಳೆ, ಮುಖ ಎತ್ತುವುದಿಲ್ಲ. ಆದರೆ ಹೇಳುತ್ತಾಳೆ. ಮೊದಲು ಶನಿವಾರ ಎಷ್ಟು ಬಂತು ಎಂಬುದಷ್ಟನ್ನೇ ಹೇಳುತ್ತಿದ್ದಳು.

ಮೊದಲ ಸಲ ದುಡ್ಡು ಬಂದ ದಿನ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು ತೋರಿಸಿದಳು. ನೇಯ್ಡಿ, ಎದುರುಮನೆಯ ಮುದುಕ, ಎಲ್ಲರೂ ಬಂದು ನೋಡಿದರು. ಲಂಚ ಎಂದಿದ್ದವನು ತನ್ನ ಮೊಮ್ಮಗನಿಗೂ ಸಿಗುತ್ತದೆಯೇ ಎಂದು ಕೇಳಿಕೊಂಡು ಹೋದ. ಅವಳಿಗೆ ಕನ್ನಡಕ ಬೇಕಿತ್ತು. ನೀಲಿ ಬಟ್ಟೆಯ ಮೇಲೆ ನೀಲಿ ದಾರ ಹೊಲಿದು ಹೊಲಿದು ಶಾಲೆಯ ಹಲಗೆ ಮಸುಕಾಗಿತ್ತು. ಆದರೆ ಆ ದುಡ್ಡನ್ನು ತೆಗೆಯಲು ಹೋದರೆ ಫೋನು ಒಪ್ಪಲಿಲ್ಲ. ಹದಿನೆಂಟು ತುಂಬದವರಿಗೆ ಹೆತ್ತವರ ಅನುಮತಿ ಬೇಕಂತೆ. ಜುಲೈ ರಜೆಯಲ್ಲಿ ಇಬ್ಬರೂ ಕರುವಾರುವಿನ ಬ್ಯಾಂಕಿಗೆ ಹೋದೆವು. ಅಲ್ಲಿದ್ದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು, ನನಗೆ ಕುರ್ಚಿ ಕೊಟ್ಟಳು. ತಾಯಿ ಇಲ್ಲ ಎಂದೆ. ತಂದೆ ಎಲ್ಲಿದ್ದಾರೆ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮಿರೆಲಿ, “ದೂರದೂರಿಗೆ ಹೋಗಿದ್ದಾರೆ” ಎಂದಳು. “ಬಂದ್ಮೇಲೆ ಅವ್ರನ್ನೇ ಕರ್ಕೊಂಡ್ ಬನ್ನಿ ಅಮ್ಮಾ, ಎರಡು ನಿಮಿಷದ ಕೆಲ್ಸ” ಎಂದಳು ಆ ಹುಡುಗಿ. ವಾಪಸು ಬರುವಾಗ ವ್ಯಾನಿನಲ್ಲಿ ಮಿರೆಲಿ ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು.

ಕನ್ನಡಕವನ್ನು ಕೊನೆಗೆ ನೇಯ್ಡಿ ಕೊಡಿಸಿದಳು. ಕಣ್ಣು ಕಾಣದೆ ಜೇಬು ಸೊಟ್ಟ ಹೊಲಿಯುತ್ತಾಳೆ, ನನ್ನ ಮಾಲು ಹಾಳಾಗುತ್ತದೆ ಎಂದು ಬೈಯುತ್ತಲೇ ಅಂಗಡಿಗೆ ಕರೆದುಕೊಂಡು ಹೋದಳು. ಕೆಂಪು ಚೌಕಟ್ಟಿನದು, ಚೆನ್ನಾಗಿ ಒಪ್ಪುತ್ತದೆ, ಲುಜಿಯಾಳಿಗೇ ಅಕ್ಕನೇನೋ ಎನ್ನುವ ಹಾಗೆ ಕಾಣುತ್ತಾಳೆ. ನೇಯ್ಡಿ ಅದರ ದುಡ್ಡು ಕೇಳಲಿಲ್ಲ. ಆದರೆ ನಿನ್ನ ಮಗಳು ಋಣ ಇಟ್ಟುಕೊಳ್ಳುವವಳಲ್ಲ. ಹೋದ ವಾರ ಎರಡು ದಿನ ಬೆಳಿಗ್ಗೆ ಎದ್ದು, ಚೀಲ ಮುಟ್ಟದೆ, ಸೀದಾ ಹೋಗಿ ಯಂತ್ರದ ಮುಂದೆ ಕೂತಳು. ಕನ್ನಡಕದ ಲೆಕ್ಕ ತೀರಲಿ ಎಂದಳು. ನಾನು ಗದರಿಸಿದಾಗ, “ಫೋನಲ್ಲಿರೋ ದುಡ್ಡು ಫೋನಲ್ಲೇ ಇರುತ್ತೆ ಅಜ್ಜಿ, ನೇಯ್ಡಿಯಮ್ಮ ಕೊಡೋದು ಕೈಗೆ ಬರುತ್ತೆ” ಎಂದಳು. ಶುಕ್ರವಾರ ಮೇಷ್ಟ್ರು ಮತ್ತೆ ಬಂದರು. ಏನೂ ಉಪದೇಶ ಮಾಡಲಿಲ್ಲ. ಅವಳು ತಪ್ಪಿಸಿದ ಪಾಠ ಯಾವುದು ಎಂದು ಹೇಳಿ, ಪುಸ್ತಕದಲ್ಲಿ ಗುರುತು ಹಾಕಿಕೊಟ್ಟು ಹೋದರು. ನಿನ್ನೆ ಸಂಜೆ ಅವಳು ಅದನ್ನು ಓದುತ್ತಿದ್ದಳು. ನಾಳೆ ಹೋಗುತ್ತಾಳೆ ಎಂದು ನನ್ನ ನಂಬಿಕೆ. ಆದರೆ ಪ್ರತಿ ಭಾನುವಾರ ಸಂಜೆ ಹೀಗೆ ನಂಬಿಕೊಂಡು ಕೂರುವುದು ನನ್ನ ವಯಸ್ಸಿಗೆ ಒಳ್ಳೆಯದಲ್ಲ.

ಇನ್ನುಳಿದದ್ದೆಲ್ಲ ಸಣ್ಣ ಸುದ್ದಿ. ನಿನ್ನ ಮೋಟಾರುಸೈಕಲ್ಲಿಗೆ ಹೊದಿಕೆ ಹಾಕಿಯೇ ಇಟ್ಟಿದ್ದೇನೆ, ಮಾರುತ್ತೀರಾ ಎಂದು ಇಬ್ಬರು ಕೇಳಿದರು, ಇಲ್ಲವೆಂದೆ. ಬೀದಿಯ ಕೊನೆಯ ಬೇಕರಿ ಮುಚ್ಚಿತು, ಈಗ ಬ್ರೆಡ್ಡಿಗೆ ಚರ್ಚಿನ ತನಕ ನಡೆಯಬೇಕು. ಆ ಲಾರಿ ಮಾಲೀಕ, ತುಂಬಿದ್ದು ಕದ್ದ ಬಟ್ಟೆ ಎಂದು ಹೇಳದೆ ನಿನ್ನ ಕೈಗೆ ಸ್ಟಿಯರಿಂಗು ಕೊಟ್ಟವನು, ಹೊಸ ಮನೆ ಕಟ್ಟಿಸುತ್ತಿದ್ದಾನೆ. ಅವನ ಹೆಸರು ನಮ್ಮ ಮನೆಯಲ್ಲಿ ಎತ್ತುವುದಿಲ್ಲ, ಇಲ್ಲೂ ಬರೆಯುವುದಿಲ್ಲ. ನೀನೂ ಅವನನ್ನು ನೆನೆದು ರಾತ್ರಿ ಹಾಳು ಮಾಡಿಕೊಳ್ಳಬೇಡ. ಊಟ ಬಿಡಬೇಡ, ಬೀನ್ಸು ಗಟ್ಟಿಯಾಗಿದ್ದರೂ ಅಗಿದು ತಿನ್ನು. ಮುಂದಿನ ತಿಂಗಳು ಎರಡನೆಯ ಭಾನುವಾರ ಮಂಡಿ ಏನೇ ಹೇಳಲಿ, ಬಂದೇ ಬರುತ್ತೇನೆ. ನೇಯ್ಡಿ ನಿನ್ನನ್ನು ಕೇಳಿದಳೆಂದು ಹೇಳು ಎಂದಿದ್ದಾಳೆ. ನೀನು ಅಲ್ಲಿಂದಲೇ ‘ಆಶೀರ್ವಾದ ಅಮ್ಮಾ’ ಎನ್ನು, ನಾನು ಇಲ್ಲಿಂದಲೇ ನಿನ್ನ ತಲೆಯ ಮೇಲೆ ಕೈ ಇಡುತ್ತೇನೆ. ದೇವರು ನಿನ್ನ ಎದೆಯ ಕೆಮ್ಮನ್ನೂ ಮನಸ್ಸಿನ ಭಾರವನ್ನೂ ಇಳಿಸಲಿ.

ನಿನ್ನ ಅಮ್ಮ,
ಒಟೀಲಿಯಾ

ತಾಜಾಕಲಮು: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಮಿರೆಲಿ ನೀರು ತರಲು ಹೋಗಿದ್ದಾಳೆ, ಬರುವುದರೊಳಗೆ ಮುಗಿಸುತ್ತೇನೆ. ಬುಧವಾರ ನಾನೊಬ್ಬಳೇ ಬಡವರಿಗೆ ಸರ್ಕಾರ ಕೊಡುವ ವಕೀಲೆಯ ಕಚೇರಿಗೆ ಹೋಗಿದ್ದೆ. ನೀನು ಬಿಡುಗಡೆಯಾಗುವ ತನಕ ಮಿರೆಲಿಯ ಪಾಲಕತ್ವ ನನ್ನ ಹೆಸರಿಗೆ ಬಂದರೆ ಬ್ಯಾಂಕಿನಲ್ಲಿ ನಾನೇ ಅನುಮತಿ ಕೊಡಬಹುದಂತೆ. ತಂದೆ ಒಪ್ಪಿ ಸಹಿ ಹಾಕಿದರೆ ಬೇಗ ಆಗುತ್ತದೆ, ಒಪ್ಪದಿದ್ದರೆ ನ್ಯಾಯಾಲಯದಲ್ಲಿ ಎಷ್ಟು ಕಾಲವೋ ಹೇಳಲಾಗುವುದಿಲ್ಲ ಎಂದರು. ಅವರ ಕಡೆಯವರೊಬ್ಬರು ಈ ತಿಂಗಳ ಕೊನೆಗೆ ಕಾಗದ ಹಿಡಿದು ನಿನ್ನ ಹತ್ತಿರ ಬರುತ್ತಾರೆ. ಲುಜಿಯಾ ತೀರಿಕೊಂಡ ವರ್ಷ ಅವಳ ತವರಿನವರು ಮಗುವನ್ನು ಕೇಳಿದಾಗ ನೀನು ಯಾರದೋ ಬೂಟು ಹಾಕಿಕೊಂಡು ನ್ಯಾಯಾಧೀಶರ ಮುಂದೆ ನಿಂತು ಅವಳನ್ನು ಉಳಿಸಿಕೊಂಡದ್ದನ್ನು ನಾನು ಮರೆತಿಲ್ಲ. ಅದಕ್ಕೇ ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಜನನ ಪತ್ರದಲ್ಲಿ ನಿನ್ನ ಹೆಸರು ಹಾಗೇ ಇರುತ್ತದೆ, ನೀನು ಬಂದ ಮೇಲೆ ಪಾಲಕತ್ವವನ್ನು ತಿರುಗಿ ಕೇಳಬಹುದು ಎಂದು ವಕೀಲೆ ಹೇಳಿದರು. ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ನಾನು ಇದನ್ನು ಬರೆಯುತ್ತಿರುವುದು ಮಿರೆಲಿಗೆ ಗೊತ್ತಿಲ್ಲ. ಬ್ಯಾಂಕಿನಿಂದ ಬಂದ ವಾರ ಇಂಥದೊಂದು ದಾರಿ ಇದೆಯಂತೆ ಎಂದು ಬಾಯಿಬಿಟ್ಟದ್ದಕ್ಕೆ ಯಂತ್ರ ನಿಲ್ಲಿಸಿಬಿಟ್ಟಳು. “ಅಪ್ಪನ ಹತ್ರ ಉಳಿದಿರೋದು ನಾನೊಬ್ಳೇ. ಅದನ್ನೂ ಕಾಗದ ಮಾಡಿ ಕಿತ್ಕೋತೀಯಾ? ನಂಗೆ ದುಡ್ಡೇ ಬೇಡ” ಎಂದಳು. ಅವಳಿಗೆ ಹದಿನೆಂಟು ತುಂಬಲು ಹತ್ತಿರ ಹತ್ತಿರ ಎರಡು ವರ್ಷ ಇದೆ. ನೋಡಲಷ್ಟೇ ಸಿಗುವ ದುಡ್ಡನ್ನು ನಂಬಿ ಅವಳು ಅಲ್ಲಿಯ ತನಕ ಶಾಲೆಯಲ್ಲಿ ಉಳಿಯುತ್ತಾಳೆ ಎಂದು ನನಗೆ ಅನ್ನಿಸುವುದಿಲ್ಲ. ಸಹಿ ಹಾಕು ಎಂದು ಅಮ್ಮನಾಗಿ ಹೇಳುತ್ತಿದ್ದೇನೆ. ಹಾಕಿದರೆ ನನಗೇನೂ ಬರೆಯುವುದು ಬೇಡ, ವಕೀಲೆಯಿಂದ ತಿಳಿಯುತ್ತದೆ. ಹಾಕಲಾರೆ ಎನ್ನಿಸಿದರೆ, ಅದನ್ನೂ ನನಗೆ ಬರೆಯಬೇಡ. ಅವಳನ್ನು ಜೈಲಿಗೆ ಕರೆತರಬೇಡ ಎಂದು ನೀನೇ ನನಗೆ ಹೇಳಿದ ಮೇಲೆ ಇಷ್ಟು ದಿನವಾಯಿತು, ಒಂದು ಪತ್ರವನ್ನೂ ಅವಳ ಹೆಸರಿಗೆ ಬರೆದಿಲ್ಲ ನೀನು. ಈ ಸಲ ಒಪ್ಪಿದರೂ ಒಪ್ಪದಿದ್ದರೂ ಯಾಕೆಂದು ಅವಳಿಗೇ ಬರೆ. ಗೇಟಿನ ಸದ್ದಾಯಿತು, ಬಂದಳು.